ತೀರ್ಥಹಳ್ಳಿಯ ಮನೆಯಲ್ಲಿಟ್ಟ ಸೂಪರ್ ನಿಂಟೆಂಡೋ (ಹಳೆಯ ವಿಡಿಯೋ ಗೇಮ್ ಯಂತ್ರ) ಪ್ರೋಟೋಟೈಪ್ (ಬಿಡುಗಡೆಗೆ ಮುಂಚಿನ ಮಾದರಿ) ಕಾರ್ಟ್ರಿಜ್‌ಗೆ ಬೂಸ್ಟು ಬಂದಿದೆ. ಬಿಚ್ಚಿ ಬಿಸಿಲಿಗೆ ಇಡಬಹುದೇ?

ಖಂಡಿತ ಬೇಡ, ಗೇಮ್ ಅಳಿಸಿಹೋಗಬಹುದು. ಅಂಗಡಿಗೆ ಬಂದ ಕಾರ್ಟ್ರಿಜ್‌ಗಳಲ್ಲಿ ಡೇಟಾ ಕಾರ್ಖಾನೆಯಲ್ಲೇ ಚಿಪ್‌ನೊಳಗೆ ಅಚ್ಚಾಗಿರುತ್ತದೆ. ಬಿಡುಗಡೆಯಾಗದ ಪ್ರೋಟೋಟೈಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇಪ್ರಾಮ್, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ಚಿಪ್. ಅದರ ನೆತ್ತಿಯ ಮೇಲೊಂದು ಪುಟ್ಟ ಗಾಜಿನ ಕಿಟಕಿ. ಒಳಗೆ ಗೇಮ್ ಉಳಿದಿರುವುದು ಸಿಕ್ಕಿಬಿದ್ದ ವಿದ್ಯುದಾವೇಶವಾಗಿ. ನೇರಳಾತೀತ ಕಿರಣ ಬಿದ್ದರೆ ಅದು ಹೊರಬಿದ್ದುಹೋಗುತ್ತದೆ. ನೇರ ಬಿಸಿಲಿಗೆ ಸುಮಾರು ಒಂದು ವಾರ ಸಾಕು.

ಮಲೆನಾಡಿನ ಮಳೆಗಾಲದ ಥಂಡಿಗೆ ಕಿಟಕಿ ಮುಚ್ಚಿದ ಸ್ಟಿಕರ್‌ನ ಅಂಟೇ ಬಿಟ್ಟುಕೊಳ್ಳುತ್ತದೆ, ಅಪಾಯ ಶುರುವಾಗುವುದು ಅಲ್ಲಿಂದ. ಸ್ಟಿಕರ್ ಕಿತ್ತೆಸೆಯಬೇಡಿ. ಅದರ ಮೇಲಿನ ಕೈಬರಹದ ದಿನಾಂಕವೇ ಎಷ್ಟೋ ಸಲ ಆ ಆವೃತ್ತಿಯ ಏಕೈಕ ಗುರುತು. ಮೇಲೊಂದು ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿ.

ಎಲ್ಲಕ್ಕಿಂತ ಮೊದಲು, ಚಿಪ್ಪಿನ ಡೇಟಾವನ್ನು ಕಂಪ್ಯೂಟರಿಗೆ ನಕಲಿಸುವ ಸಾಧನವಾದ ಇಪ್ರಾಮ್ ರೀಡರ್‌ನಲ್ಲಿ ಚಿಪ್ಪನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಹೋಲಿಸಿ. ವ್ಯತ್ಯಾಸ ಬಂದರೆ ಪಿನ್ ಕೊಳೆಯಾಗಿದೆ, ಇಲ್ಲವೇ ಆವೇಶ ಕುಂದುತ್ತಿದೆ. ಬೂಸ್ಟಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿ ಸಾಕು. ಬರಹದ ಶಾಯಿಗೆ ಮಾತ್ರ ತಾಗಿಸಬೇಡಿ. ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಬೇಡ, ಶಾಖಕ್ಕೆ ಆವೇಶ ಬೇಗ ಸೋರುತ್ತದೆ.