ಲಿಸ್ಟ್ ದೊಡ್ಡದಿದೆ, ಕ್ಲಿಕ್ ಇಲ್ಲ: ಅಫಿಲಿಯೇಟ್ ಇಮೇಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ಮಾತು ಮಾತ್ರ ಬೇರೆ ಬೇರೆ. ಸಬ್‌ಸ್ಕ್ರೈಬರ್ಸ್ ಬೇಗ ಜಾಸ್ತಿ ಆಗೋದಕ್ಕೆ ಏನ್ ಮಾಡ್ಬೇಕು. ಈಗಾಗ್ಲೇ ಸೇರಿರೋರು ಯಾಕೆ ಸೇರಿದ್ರು ಅಂತ ಯೋಚನೆ ಮಾಡಿ ಕೇಳಿದೋರು ಒಬ್ರೂ ಇಲ್ಲ, ನನಗೆ ಬೇಜಾರಾಗೋದು ಅದಕ್ಕೇ. ಹಾಗಾಗಿ ಒಂದು ಪ್ರಶ್ನೆನ ಉದ್ದಕ್ಕೆ ತಗೋತೀನಿ, ಉಳಿದಿದ್ದಕ್ಕೆ ಚುಟುಕಾಗಿ ಹೇಳಿಬಿಡ್ತೀನಿ. ಅಫಿಲಿಯೇಟ್ ಅಂದ್ರೆ ನೀವು ಕೊಟ್ಟ ಲಿಂಕಿಂದ ಯಾರಾದ್ರೂ ಏನಾದ್ರೂ ಕೊಂಡ್ರೆ ನಿಮಗೆ ಕಮಿಷನ್ ಬರೋದು, ಅಷ್ಟು ಸಾಕು. ಅದನ್ನ ಶುರು ಮಾಡೋದು ಹೇಗೆ, ಇಮೇಲ್ ಸರ್ವೀಸಲ್ಲಿ (ಲಿಸ್ಟಲ್ಲಿರೋರಿಗೆಲ್ಲ ಒಟ್ಟಿಗೆ ಮೇಲ್ ಕಳಿಸಿಕೊಡೋ ಕಂಪನಿ) ಅಕೌಂಟ್ ಮಾಡೋದು ಹೇಗೆ ಅನ್ನೋದನ್ನೆಲ್ಲ ಇಲ್ಲಿ ಹೇಳಲ್ಲ, ಅದು ಎಲ್ಲಾ ಕಡೆ ಸಿಗುತ್ತೆ.

ಪ್ರಶ್ನೆ: ಸರ್, ನಾನು ಕ್ಯಾಮೆರಾ, ಲೆನ್ಸ್, ಟ್ರೈಪಾಡ್ ರಿವ್ಯೂ ಬರೀತೀನಿ. ಲಿಸ್ಟಲ್ಲಿ ಆರು ಸಾವಿರದ ಹತ್ರ ಇಮೇಲ್ ಇದೆ. ಅದ್ರಲ್ಲಿ ನಾಲ್ಕು ಸಾವಿರ ಒಂದು ಫೋನ್ ಗಿವ್‌ಅವೇ ಮಾಡಿದಾಗ ಬಂದಿದ್ದು, ಒಂದು ಸಾವಿರ ಇನ್ನೊಬ್ರ ಹತ್ರ ‘ವೆರಿಫೈಡ್’ ಅಂತ ದುಡ್ಡು ಕೊಟ್ಟು ತಗೊಂಡಿದ್ದು, ಉಳಿದೋರು ನನ್ನ ಫಾರ್ಮ್ ತುಂಬಿ ಬಂದೋರು. ಓಪನ್ ರೇಟ್ (ಮೇಲ್ ತೆಗೆದು ನೋಡಿದೋರ ಪರ್ಸೆಂಟ್) ಚೆನ್ನಾಗೇ ತೋರಿಸ್ತಿದೆ, ಆದ್ರೆ ಕ್ಲಿಕ್ ಇಲ್ಲ, ಕಮಿಷನ್ ಅಂತೂ ಇಲ್ವೇ ಇಲ್ಲ. ಈಗ ಮೇಲ್ ಸ್ಪ್ಯಾಮ್‌ಗೆ ಹೋಗ್ತಿದೆ ಅಂತ ಬೇರೆ ಕೆಲವ್ರು ಹೇಳ್ತಿದಾರೆ. ಲಿಸ್ಟ್ ಹತ್ತು ಸಾವಿರ ದಾಟಿದ್ರೆ ಸರಿಹೋಗುತ್ತಾ?

ಸರಿಹೋಗಲ್ಲ, ಇನ್ನೂ ಕೆಡುತ್ತೆ. ನಿಮ್ಮ ಹತ್ರ ಇರೋದು ಆರು ಸಾವಿರದ ಲಿಸ್ಟ್ ಅಲ್ಲ, ಸಾವಿರದ್ದು. ಮಿಕ್ಕ ಐದು ಸಾವಿರ ಆ ಸಾವಿರ ಜನಕ್ಕೂ ನಿಮ್ಮ ಮೇಲ್ ಸಿಗದ ಹಾಗೆ ಮಾಡ್ತಿದೆ.

ಮೊದಲು ದುಡ್ಡು ಕೊಟ್ಟು ತಗೊಂಡಿದ್ದರ ವಿಷಯ. ‘ವೆರಿಫೈಡ್’ ಅಂದ್ರೆ ಏನು ವೆರಿಫೈ ಆಗಿದೆ ಅಂತ ಕೇಳಿದ್ರಾ? ಆ ಟೂಲ್‌ಗಳು ನೋಡೋದು ಆ ಅಡ್ರೆಸ್‌ಗೆ ಮೇಲ್ ಹೋದ್ರೆ ಸರ್ವರ್ ತಗೊಳತ್ತಾ ಇಲ್ವಾ ಅನ್ನೋದಷ್ಟೇ. ಆ ಮನುಷ್ಯ ನಿಮ್ಮ ಹತ್ರ ಮೇಲ್ ಬೇಕು ಅಂದಿದ್ನಾ ಅನ್ನೋದನ್ನ ಯಾವ ಟೂಲೂ ಹೇಳಕ್ಕಾಗಲ್ಲ. ಇನ್ನೊಂದು, ಸ್ಪ್ಯಾಮ್ ಟ್ರ್ಯಾಪ್ ಅಂತ ಇರುತ್ತೆ. ಸ್ಪ್ಯಾಮ್‌ಹೌಸ್ ತರದ ಬ್ಲಾಕ್‌ಲಿಸ್ಟ್ ಸಂಸ್ಥೆಗಳು, ಮೇಲ್‌ಬಾಕ್ಸ್ ಕಂಪನಿಗಳು, ಯಾವತ್ತೂ ಯಾರೂ ಬಳಸದ ಅಡ್ರೆಸ್‌ಗಳನ್ನ ಬೇಕಂತಲೇ ಇಟ್ಟಿರ್ತಾರೆ, ಎಷ್ಟೋ ವರ್ಷದಿಂದ ಬಿಟ್ಟುಹೋದ ಅಡ್ರೆಸ್‌ಗಳಿಗೆ ಮತ್ತೆ ಜೀವ ಕೊಟ್ಟೂ ಇಟ್ಟಿರ್ತಾರೆ, ಅವಕ್ಕೆ ಮೇಲ್ ಬಂತು ಅಂದ್ರೆ ಕಳಿಸಿದೋನು ಅನುಮತಿ ತಗೊಂಡಿಲ್ಲ ಅಥವಾ ಲಿಸ್ಟ್ ತೊಳೆದು ಎಷ್ಟೋ ಕಾಲ ಆಗಿದೆ ಅಂತ ಗೊತ್ತಾಗುತ್ತೆ. ಈ ಟ್ರ್ಯಾಪ್ ಕೂಡ ಮೇಲ್ ತಗೊಳತ್ತೆ, ವೆರಿಫಿಕೇಷನ್ನಲ್ಲಿ ಪಾಸ್ ಆಗುತ್ತೆ. ಜೊತೆಗೆ ಗೂಗಲ್ ಡಿಸೆಂಬರ್ 2023ರಿಂದ ಎರಡು ವರ್ಷ ಮುಟ್ಟದೆ ಬಿಟ್ಟಿರೋ ಪರ್ಸನಲ್ ಅಕೌಂಟ್‌ಗಳನ್ನ ಅಳಿಸಿ ಹಾಕೋಕೆ ಶುರು ಮಾಡಿದೆ, ಹಳೇ ಲಿಸ್ಟ್ ಮಾರೋರ ಹತ್ರ ಇರೋ ಸತ್ತ ಅಡ್ರೆಸ್‌ಗಳೆಲ್ಲ ಬೌನ್ಸ್ ಆಗೋದು, ಅಂದ್ರೆ ಮೇಲ್ ತಲುಪದೇ ವಾಪಸ್ ಬರೋದು, ಅದಕ್ಕೂ ಸೇರಿ. ಆ ಸಾವಿರನ ಇವತ್ತೇ ಡಿಲೀಟ್ ಮಾಡಿ. ‘ಕೊನೇದಾಗಿ ಒಂದು ಮೇಲ್ ಕಳಿಸಿ ನೋಡ್ತೀನಿ’ ಅನ್ನೋ ಆಸೆನೂ ಬೇಡ.

ಗಿವ್‌ಅವೇ ನಾಲ್ಕು ಸಾವಿರ ಬೇರೆ ಕಥೆ. ಅವ್ರು ತಾವಾಗೇ ಇಮೇಲ್ ಕೊಟ್ಟಿದಾರೆ ನಿಜ, ಆದ್ರೆ ಕೊಟ್ಟಿದ್ದು ಫೋನ್‌ಗೆ. ಫೋನ್ ಯಾರಿಗೋ ಹೋಯ್ತು, ಅಲ್ಲಿಗೆ ಅವ್ರ ಲೆಕ್ಕದಲ್ಲಿ ವ್ಯವಹಾರ ಮುಗೀತು. ಆಮೇಲೆ ನೀವು ಲೆನ್ಸ್ ಬಗ್ಗೆ ಬರೆದ್ರೆ ಇದ್ಯಾರಪ್ಪ ಅಂತ ಸ್ಪ್ಯಾಮ್ ಒತ್ತುತ್ತಾರೆ, ಅವ್ರದ್ದು ತಪ್ಪಲ್ಲ.

ಆ ಸ್ಪ್ಯಾಮ್ ಬಟನ್ ಎಷ್ಟು ಭಾರ ಅಂತ ತುಂಬಾ ಜನಕ್ಕೆ ಅಂದಾಜಿಲ್ಲ. ಫೆಬ್ರವರಿ 2024ರಿಂದ ಜಿಮೇಲ್ ಮತ್ತೆ ಯಾಹೂ ನಿಯಮ ಬಿಗಿ ಮಾಡಿವೆ. ದಿನಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗ್ಲೂ ನಿಮ್ಮ ಡೊಮೇನ್‌ನಿಂದ, ಅಂದ್ರೆ ಅಡ್ರೆಸ್‌ನಲ್ಲಿ @ ಆದ್ಮೇಲೆ ಬರೋ ಹೆಸರಿಂದಲೇ ಬಂದಿದ್ದು ಅಂತ ತೋರಿಸೋ ಸೆಟ್ಟಿಂಗ್‌ಗಳು) ಮೂರೂ ಇರ್ಬೇಕು, ಪ್ರಚಾರದ ಮೇಲಲ್ಲಿ ಒಂದೇ ಕ್ಲಿಕ್ಕಲ್ಲಿ ಹೊರಗೆ ಹೋಗೋ ದಾರಿ ಇರ್ಬೇಕು, ಸ್ಪ್ಯಾಮ್ ದೂರು 0.3 ಪರ್ಸೆಂಟ್ ಮುಟ್ಟಬಾರ್ದು, 0.1ರ ಒಳಗೇ ಇಟ್ಕೊಳ್ಳಿ ಅಂತ ಗೂಗಲ್ಲೇ ಹೇಳುತ್ತೆ. ಅಂದ್ರೆ ಸಾವಿರ ಮೇಲ್‌ಗೆ ಒಬ್ಬ ಸ್ಪ್ಯಾಮ್ ಒತ್ತಿದ್ರೇ ಅಂಚಿಗೆ ಬಂದ್ರಿ, ಮೂರು ಜನ ಒತ್ತಿದ್ರೆ ಕೆಟ್ರಿ. ನಾನು ಅಷ್ಟು ಕಳಿಸಲ್ವಲ್ಲ ಅಂತ ನೆಮ್ಮದಿಯಾಗಿ ಇರ್ಬೇಡಿ, ದೂರು ಜಾಸ್ತಿ ಆದ್ರೆ ಕಮ್ಮಿ ಮೇಲ್ ಕಳಿಸೋರ ಡೊಮೇನ್‌ಗೂ ಹಾಗೇ ಕೆಟ್ಟ ಹೆಸರು ಬರುತ್ತೆ. ಕೆಟ್ಟ ಹೆಸರು ಬರೋದು ಇಡೀ ಡೊಮೇನ್‌ಗೆ ಅನ್ನೋದನ್ನ ಗಮನಿಸಿ. ಆಗ ನಿಮ್ಮ ಬರಹ ಓದಿ, ಇಷ್ಟಪಟ್ಟು, ಫಾರ್ಮ್ ತುಂಬಿದ ಆ ಸಾವಿರ ಜನಕ್ಕೂ ಮೇಲ್ ಸ್ಪ್ಯಾಮ್ ಫೋಲ್ಡರಿಗೇ ಹೋಗುತ್ತೆ. ಅಫಿಲಿಯೇಟ್‌ನಲ್ಲಿ ಕಾಸು ಬರೋದು ಆ ಸಾವಿರದಿಂದ, ಬೇರೆ ಯಾರಿಂದಲೂ ಅಲ್ಲ.

ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್ (ಜಿಮೇಲ್‌ಗೆ ಹೋದ ನಿಮ್ಮ ಮೇಲ್‌ಗಳ ಗತಿ ಏನಾಯ್ತು ಅಂತ ತೋರಿಸೋ ಗೂಗಲ್ ಪುಟ) ನೋಡೋರಿಗೆ ಒಂದು ಎಚ್ಚರಿಕೆ. ಅಲ್ಲಿ ತೋರಿಸೋ ಸ್ಪ್ಯಾಮ್ ರೇಟ್, ಇನ್‌ಬಾಕ್ಸ್‌ಗೆ ಹೋದ ಮೇಲ್‌ಗಳಲ್ಲಿ ಎಷ್ಟಕ್ಕೆ ದೂರು ಬಂತು ಅನ್ನೋದು. ಮೇಲ್ ನೇರ ಸ್ಪ್ಯಾಮ್ ಫೋಲ್ಡರ್‌ಗೇ ಹೋಗೋಕೆ ಶುರುವಾದ್ರೆ ಯಾರೂ ನೋಡಲ್ಲ, ಯಾರೂ ದೂರು ಕೊಡಲ್ಲ, ರೇಟ್ ಇಳಿದುಬಿಡುತ್ತೆ. ಅದನ್ನ ನೋಡಿ ಸುಧಾರಿಸ್ತು ಅಂತ ಖುಷಿಪಟ್ಟು ಇನ್ನೂ ಜಾಸ್ತಿ ಕಳಿಸಿದೋರನ್ನ ನೋಡಿದೀನಿ.

ಇನ್ನು ಆ ಓಪನ್ ರೇಟ್. ಅದನ್ನ ನಂಬೋದು ಬಿಡಿ. ಸೆಪ್ಟೆಂಬರ್ 2021ರಲ್ಲಿ ಐಒಎಸ್ 15 ಜೊತೆ ಆಪಲ್ ತನ್ನ ಮೇಲ್ ಆ್ಯಪ್‌ಗೆ ತಂದ ಮೇಲ್ ಪ್ರೈವಸಿ ಪ್ರೊಟೆಕ್ಷನ್, ಓದುಗ ಮೇಲ್ ತೆಗೀಲಿ ಬಿಡ್ಲಿ, ಅದರಲ್ಲಿರೋ ಚಿತ್ರಗಳನ್ನ ತಾನೇ ಮೊದಲೇ ಲೋಡ್ ಮಾಡ್ಕೊಳ್ಳುತ್ತೆ. ಓಪನ್ ಲೆಕ್ಕ ಹಾಕೋದು ಮೇಲ್ ಒಳಗಿರೋ ಒಂದು ಸಣ್ಣ ಚಿತ್ರದಿಂದ, ಹಾಗಾಗಿ ಓದದೇ ಇರೋನೂ ಓದಿದ ಅಂತ ಬರುತ್ತೆ. ಕ್ಲಿಕ್ ಕೂಡ ಪೂರ್ತಿ ಶುದ್ಧ ಅಲ್ಲ, ಆಫೀಸ್ ಮೇಲ್‌ಗಳಲ್ಲಿ ಸೆಕ್ಯುರಿಟಿ ಸಾಫ್ಟ್‌ವೇರ್ ಎಲ್ಲಾ ಲಿಂಕನ್ನೂ ತಾನೇ ಒತ್ತಿ ನೋಡುತ್ತೆ. ಕ್ಲಿಕ್, ರಿಪ್ಲೈ, ಕಮಿಷನ್ ಮೂರನ್ನೂ ಒಟ್ಟಿಗೆ ಇಟ್ಕೊಂಡು ನೋಡಿ.

ಈಗ ಏನ್ ಮಾಡ್ಬೇಕು ಅಂದ್ರೆ, ಗಿವ್‌ಅವೇ ಜನರನ್ನ ಬೇರೆ ಮಾಡಿ ಇಡಿ, ದಿನನಿತ್ಯದ ಮೇಲ್ ಅವ್ರಿಗೆ ನಿಲ್ಲಿಸಿ. ಗಿವ್‌ಅವೇ ಆಗಿ ವರ್ಷ ದಾಟಿದ್ರೆ ಮತ್ತು ನೀವು ಮಧ್ಯದಲ್ಲಿ ಏನೂ ಕಳಿಸಿಲ್ಲದಿದ್ರೆ ಪೂರ್ತಿ ಬಿಟ್ಟುಬಿಡಿ. ಹತ್ತಿರದ್ದಾಗಿದ್ರೆ ಒಂದು ಮೇಲ್, ಒಂದೇ. ‘ನೀವು ಫೋನ್ ಗಿವ್‌ಅವೇಗೆ ಇಮೇಲ್ ಕೊಟ್ಟಿದ್ರಿ, ನಾನು ಕ್ಯಾಮೆರಾ ರಿವ್ಯೂ ಬರೀತೀನಿ, ಬೇಕಿದ್ರೆ ಇಲ್ಲಿ ಒತ್ತಿ, ಒತ್ತದಿದ್ರೆ ಇಂಥ ತಾರೀಕಿಗೆ ನಾನೇ ನಿಮ್ಮ ಹೆಸರು ತೆಗೀತೀನಿ.’ ಅಷ್ಟೇ ಬರೀರಿ. ಅದ್ರಲ್ಲಿ ಅಫಿಲಿಯೇಟ್ ಲಿಂಕ್ ಹಾಕ್ಬೇಡಿ, ಗೋಗರೀಬೇಡಿ. ನಾಲ್ಕು ಸಾವಿರಕ್ಕೂ ಒಂದೇ ದಿನ ಕಳಿಸ್ಬೇಡಿ, ಇತ್ತೀಚೆಗೆ ಕ್ಲಿಕ್ ಮಾಡಿದೋರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವಾಗಿ, ದೂರು ಏರಿದ್ರೆ ಅಲ್ಲಿಗೇ ನಿಲ್ಲಿಸಿ. ಇನ್ನೂರು ಜನ ಉಳಿದ್ರೂ ಒಳ್ಳೇದೇ. ಹೇಳಿದ ತಾರೀಕಿಗೆ ಉಳಿದೋರನ್ನ ನಿಜವಾಗ್ಲೂ ತೆಗೀರಿ, ತುಂಬಾ ಜನ ಇಲ್ಲಿ ಕೈ ಹಿಂದೆ ತಗೋತಾರೆ, ನಂಬರ್ ಇಳಿಯೋದನ್ನ ನೋಡಕ್ಕಾಗಲ್ಲ ಅವ್ರಿಗೆ. ನಿಮ್ಮ ಸ್ವಂತ ಸಾವಿರದಲ್ಲೂ ಮೊದಲ ಕೆಲವು ವಾರ ಮೂರು ತಿಂಗಳೊಳಗೆ ಕ್ಲಿಕ್ ಮಾಡಿರೋರಿಗೆ ಮಾತ್ರ ಕಳಿಸಿ. ಕೆಟ್ಟ ಹೆಸರು ಹೋಗೋಕೆ ಟೈಮ್ ಹಿಡಿಯುತ್ತೆ, ಅವಸರ ಮಾಡಿದ್ರೆ ಮೊದಲಿನ ಜಾಗಕ್ಕೇ ಬರ್ತೀರ.

ಇದಾದ ಮೇಲೆ ಹೊಸಬರನ್ನ ಸೇರಿಸೋ ಮಾತು. ಉಚಿತವಾಗಿ ಏನ್ ಕೊಡ್ತೀರ ಅನ್ನೋದರ ಮೇಲೆ ಯಾರ್ ಬರ್ತಾರೆ ಅನ್ನೋದು ನಿಂತಿದೆ. ಫೋನ್ ಎಲ್ಲರಿಗೂ ಬೇಕು, ಅದಕ್ಕೇ ಅದು ಕೆಟ್ಟ ಆಯ್ಕೆ. ‘ಫೋಟೋಗ್ರಫಿಯ ಐವತ್ತು ಟಿಪ್ಸ್’ ಪಿಡಿಎಫ್ ಕೂಡ ಅಷ್ಟೇ, ಇಳಿಸ್ಕೊಂಡೋರು ತೆಗೆದೂ ನೋಡಲ್ಲ. ಲೆನ್ಸ್ ತಗೋಬೇಕು ಅಂತಿರೋನಿಗೆ ಮಾತ್ರ ಬೇಕಾಗಿರೋದು ಏನಾದ್ರೂ ಕೊಡಿ. ಉದಾಹರಣೆಗೆ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ತಗೊಳ್ಳೋ ಮುಂಚೆ ನೋಡೋಕೆ ಒಂದೇ ಪುಟದ ಚೆಕ್‌ಲಿಸ್ಟ್. ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಫಂಗಸ್ ಇದ್ಯಾ ನೋಡೋದು, ಅಪರ್ಚರ್ ಬ್ಲೇಡ್ ಮೇಲೆ ಎಣ್ಣೆ ಜಿಡ್ಡು ಇದ್ಯಾ, ಫೋಕಸ್ ರಿಂಗ್ ಎಲ್ಲಾದ್ರೂ ಹಿಡ್ಕೊಳ್ಳುತ್ತಾ, ಎಫ್ 16ರಲ್ಲಿ ಬಿಳಿ ಗೋಡೆ ಫೋಟೋ ತೆಗೆದು ಸೆನ್ಸರ್ ಮೇಲೆ ಧೂಳಿನ ಚುಕ್ಕೆ ಕಾಣುತ್ತಾ. ಇದನ್ನ ಕೇಳಿ ಇಮೇಲ್ ಕೊಡೋನು ಇನ್ನು ಸ್ವಲ್ಪ ದಿನದಲ್ಲಿ ಕ್ಯಾಮೆರಾ ತಗೊಳ್ಳೋನೇ. ಅಂಥ ನೂರು ಜನ ನಿಮ್ಮ ಗಿವ್‌ಅವೇ ನಾಲ್ಕು ಸಾವಿರಕ್ಕಿಂತ ಬೆಲೆ ಬಾಳ್ತಾರೆ.

ಆ ಫಾರ್ಮನ್ನ ಎಲ್ಲಾ ಪುಟದಲ್ಲೂ ಪಾಪ್‌ಅಪ್ ಮಾಡಿ ಮುಖಕ್ಕೆ ಹಿಡೀಬೇಡಿ, ಸಂಬಂಧಪಟ್ಟ ರಿವ್ಯೂ ಒಳಗೆ, ಓದುಗನಿಗೆ ಆ ಪ್ರಶ್ನೆ ಏಳೋ ಜಾಗದಲ್ಲೇ ಇಡಿ. ಫಾರ್ಮ್ ಕೆಳಗೆ ಎರಡು ಸಾಲು ಬರೀರಿ, ವಾರಕ್ಕೆ ಎಷ್ಟು ಮೇಲ್ ಬರುತ್ತೆ, ಕೆಲವು ಲಿಂಕ್‌ಗಳಿಂದ ನಿಮಗೆ ಕಮಿಷನ್ ಬರುತ್ತೆ. ಡಬಲ್ ಆಪ್ಟ್‌ಇನ್ ಹಾಕಿ, ಅಂದ್ರೆ ಬಂದ ಮೇಲ್‌ನಲ್ಲಿ ಲಿಂಕ್ ಒತ್ತಿ ಖಚಿತ ಮಾಡಿದ್ಮೇಲೇ ಲಿಸ್ಟ್‌ಗೆ ಸೇರ್ಬೇಕು. ಅದ್ರಿಂದ ಜನ ಕಮ್ಮಿ ಆಗ್ತಾರೆ ಅಂತ ವಾದ ಮಾಡೋರು ಇದಾರೆ, ಕಮ್ಮಿ ಆಗೋದು ತಪ್ಪು ಅಡ್ರೆಸ್, ಬಾಟ್‌ಗಳು, ಮನಸ್ಸಿಲ್ಲದೋರು. ಹೋಗ್ಲಿ ಬಿಡಿ.

ಮೊದಲ ಮೇಲಲ್ಲಿ ಚೆಕ್‌ಲಿಸ್ಟ್ ಕೊಟ್ಟು ಒಂದೇ ಪ್ರಶ್ನೆ ಕೇಳಿ, ಈಗ ಯಾವ ಕ್ಯಾಮೆರಾ ಇದೆ, ಮುಂದೆ ಏನ್ ತಗೋಬೇಕು ಅಂತಿದೀರ. ರಿಪ್ಲೈ ಮಾಡಿದೋರಿಗೆ ನೀವೇ ಕೂತು ಉತ್ತರ ಬರೀರಿ, ಅವ್ರ ಉತ್ತರದ ಪ್ರಕಾರ ಟ್ಯಾಗ್ ಹಾಕಿ. ಲಿಂಕ್ ಇರೋ ಮೇಲ್ ಕಳಿಸುವಾಗ ಈ ಲೆನ್ಸ್ ಯಾರಿಗೆ ಬೇಡ ಅನ್ನೋದನ್ನ ಮೊದಲು ಹೇಳಿ. ‘ಎಲ್ಲರೂ ತಗೊಳ್ಳಿ’ ಅನ್ನೋರನ್ನ ಜನ ಎರಡನೇ ಸಲ ನಂಬಲ್ಲ. ಕಮಿಷನ್ ವಿಷಯ ಲಿಂಕ್ ಪಕ್ಕದಲ್ಲೇ ಇರ್ಲಿ, ಕೊನೇಲಿ ಸಣ್ಣಕ್ಷರದಲ್ಲಿ ಅಲ್ಲ, ಅಮೆರಿಕದ ಗ್ರಾಹಕ ರಕ್ಷಣೆ ಸಂಸ್ಥೆ ಎಫ್‌ಟಿಸಿ ಕೂಡ ಎದ್ದು ಕಾಣೋ ಹಾಗೆ ಹೇಳಿ ಅಂತಲೇ ಹೇಳೋದು. ಉದ್ದ ಲಿಂಕನ್ನ ಚಿಕ್ಕದು ಮಾಡೋಕೆ ಎಲ್ಲರೂ ಬಳಸೋ ಫ್ರೀ ಲಿಂಕ್ ಶಾರ್ಟ್ನರ್ ಬೇಡ, ಅದೇ ಡೊಮೇನನ್ನ ಮೋಸಗಾರರೂ ಬಳಸ್ತಾರೆ, ಅವ್ರ ಕೆಟ್ಟ ಹೆಸರು ನಿಮ್ಮ ಮೇಲ್‌ಗೂ ಅಂಟುತ್ತೆ. ಕೊನೇದಾಗಿ, ನಿಮ್ಮ ಅಫಿಲಿಯೇಟ್ ಪ್ರೋಗ್ರಾಂ ಇಮೇಲ್ ಒಳಗೆ ಲಿಂಕ್ ಹಾಕೋಕೆ ಬಿಡುತ್ತಾ ಅಂತ ಅದರ ನಿಯಮದಲ್ಲಿ ಓದಿ, ಎಲ್ಲರೂ ಬಿಡಲ್ಲ. ಅನುಮಾನ ಇದ್ರೆ ಮೇಲಿಂದ ನಿಮ್ಮ ರಿವ್ಯೂ ಪುಟಕ್ಕೆ ಕಳಿಸಿ, ಅಫಿಲಿಯೇಟ್ ಲಿಂಕ್ ಅಲ್ಲಿರ್ಲಿ. ನಾನಾದ್ರೆ ಅನುಮತಿ ಇದ್ರೂ ಹೀಗೇ ಮಾಡೋದು.

ಪ್ರಶ್ನೆ: ಒಂದು ಲಕ್ಷ ಇಮೇಲ್ ಡೇಟಾಬೇಸ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಲಾ?

ಬೇಡ. ಮೇಲೆ ಬರೆದಿದ್ದನ್ನ ಓದಿ.

ಪ್ರಶ್ನೆ: ಸಬ್ಜೆಕ್ಟ್ ಲೈನಲ್ಲಿ ‘ಉಚಿತ’ ಅಂತ ಬರೆದ್ರೆ ಸ್ಪ್ಯಾಮ್‌ಗೆ ಹೋಗುತ್ತಂತೆ, ನಿಜಾನಾ?

ಒಂದು ಪದದಿಂದ ಹೋಗಲ್ಲ. ಫಿಲ್ಟರ್ ಮುಖ್ಯವಾಗಿ ನೋಡೋದು ಕಳಿಸಿದೋರಿಗೆ ಒಳ್ಳೇ ಹೆಸರಿದ್ಯಾ, ಓದೋರು ಆ ಮೇಲ್‌ಗೆ ಏನ್ ಮಾಡ್ತಾರೆ ಅನ್ನೋದನ್ನ. ‘ಬಳಸಬಾರದ ಪದಗಳ ಪಟ್ಟಿ’ ಹಂಚೋರ ಮಾತು ಕೇಳಿ ಅಕ್ಷರದ ಮಧ್ಯೆ ಚುಕ್ಕೆ ಇಟ್ಟು ಬರೆಯೋದನ್ನ ದಯವಿಟ್ಟು ನಿಲ್ಲಿಸಿ, ಅದು ನಿಜವಾಗ್ಲೂ ಸ್ಪ್ಯಾಮ್ ತರ ಕಾಣುತ್ತೆ.

ಪ್ರಶ್ನೆ: ಮೇಲ್ ಕಳಿಸೋಕೆ ಯಾವ ದಿನ, ಯಾವ ಟೈಮ್ ಒಳ್ಳೇದು?

ಹೇಳೋಕೆ ಏನಾದ್ರೂ ಇರೋ ದಿನ.

ಪ್ರಶ್ನೆ: ಅನ್‌ಸಬ್‌ಸ್ಕ್ರೈಬ್ ಲಿಂಕ್ ಸ್ವಲ್ಪ ಮಸುಕಾಗಿ ಇಡಬಹುದಾ? ತುಂಬಾ ಜನ ಬಿಟ್ಟುಹೋಗ್ತಿದಾರೆ.

ಲಿಂಕ್ ಸಿಗದೋನು ಸುಮ್ನೆ ಇರಲ್ಲ, ಸ್ಪ್ಯಾಮ್ ಒತ್ತುತ್ತಾನೆ. ಬಿಟ್ಟುಹೋಗೋದ್ರಿಂದ ನಿಮಗೆ ನಷ್ಟ ಇಲ್ಲ, ದೂರಿನಿಂದ ಇದೆ. ದೊಡ್ಡದಾಗೇ ಇಡಿ, ಪಾಸ್‌ವರ್ಡ್ ಕೇಳ್ಬೇಡಿ, ಎರಡು ದಿನದೊಳಗೆ ಹೆಸರು ತೆಗೀರಿ.

ಪ್ರಶ್ನೆ: ನನ್ನ ಜಿಮೇಲ್ ಅಥವಾ ಯಾಹೂ ಅಡ್ರೆಸ್ಸನ್ನೇ ಫ್ರಮ್ ಅಂತ ಇಟ್ಟು ಇಮೇಲ್ ಸರ್ವೀಸ್ ಮೂಲಕ ಕಳಿಸಿದ್ರೆ ಆಗಲ್ವಾ?

ಆಗಲ್ಲ. ಯಾಹೂ 2014ರಲ್ಲೇ ತನ್ನ ಸರ್ವರ್ ಬಿಟ್ಟು ಬೇರೆ ಕಡೆಯಿಂದ ಅದರ ಹೆಸರಲ್ಲಿ ಬರೋ ಮೇಲನ್ನ ತಿರಸ್ಕರಿಸಿ ಅಂತ ಡಿಮಾರ್ಕ್ ಮೂಲಕ ಎಲ್ಲರಿಗೂ ಹೇಳಿಬಿಟ್ಟಿದೆ. ಸ್ವಂತ ಡೊಮೇನ್ ತಗೊಳ್ಳಿ. ಅದಕ್ಕೂ ಖರ್ಚು ಮಾಡೋ ಮನಸ್ಸಿಲ್ಲದಿದ್ರೆ ಈ ಕೆಲಸ ಶುರು ಮಾಡ್ಬೇಡಿ.

ಪ್ರಶ್ನೆ: ಒಬ್ರು ಕೋರ್ಸ್‌ನಲ್ಲಿ ಸೋಲೋ ಆ್ಯಡ್ ತಗೊಂಡ್ರೆ ಎರಡೇ ದಿನದಲ್ಲಿ ಸಾವಿರಾರು ಸಬ್‌ಸ್ಕ್ರೈಬರ್ಸ್ ಅಂತಿದಾರೆ, ನಂಬಬಹುದಾ?

ಸೋಲೋ ಆ್ಯಡ್ ಅಂದ್ರೆ ಇನ್ನೊಬ್ರು ತಮ್ಮ ಲಿಸ್ಟ್‌ಗೆ ನಿಮ್ಮ ಪುಟದ ಲಿಂಕ್ ಕಳಿಸಿ ಪ್ರತಿ ಕ್ಲಿಕ್‌ಗೆ ದುಡ್ಡು ತಗೊಳ್ಳೋದು. ದುಡ್ಡು ಕ್ಲಿಕ್‌ಗೆ ಅಂದ್ಮೇಲೆ ಮಾರೋನಿಗೆ ಬೇಕಾಗಿರೋದು ಕ್ಲಿಕ್ ಮಾತ್ರ, ಅದನ್ನ ಮನುಷ್ಯ ಒತ್ತಿದ್ನಾ ಬಾಟ್ ಒತ್ತಿತಾ ಅವನಿಗೆ ಸಂಬಂಧ ಇಲ್ಲ. ಮನುಷ್ಯರೇ ಆದ್ರೂ ಅದೇ ಲಿಸ್ಟ್‌ಗೆ ನಿನ್ನೆ ಒಬ್ಬ ತೂಕ ಇಳಿಸೋ ಪುಡಿ ಮಾರಿರ್ತಾನೆ, ನಾಳೆ ಇನ್ನೊಬ್ಬ ಕ್ರಿಪ್ಟೋ ಮಾರ್ತಾನೆ. ಈ ಕೋರ್ಸ್ ಮಾರೋ ಗುರುಗಳ ಮೇಲೆ ನನಗೆ ನಿಜವಾಗ್ಲೂ ಸಿಟ್ಟಿದೆ, ಯಾಕಂದ್ರೆ ಅವ್ರಲ್ಲಿ ಎಷ್ಟೋ ಜನ ಶಿಫಾರಸು ಮಾಡೋ ಸೋಲೋ ಆ್ಯಡ್, ಸಾಫ್ಟ್‌ವೇರ್ ಎಲ್ಲದ್ರಿಂದಲೂ ಅವ್ರಿಗೇ ಕಮಿಷನ್ ಬರುತ್ತೆ, ಅದನ್ನ ಹೇಳಲ್ಲ, ಉಳಿತಾಯದ ದುಡ್ಡು ಹಾಕಿ ಕಲಿಯೋಕೆ ಬಂದೋರು ಕಳ್ಕೊಂಡು ಹೋಗ್ತಾರೆ. ತಗೋಬೇಡಿ.

ಪ್ರಶ್ನೆ: ಇಮೇಲ್ ಸರ್ವೀಸ್‌ನವರು ದೂರು ಜಾಸ್ತಿ ಅಂತ ಅಕೌಂಟ್ ನಿಲ್ಲಿಸಿದಾರೆ. ಲಿಸ್ಟ್ ಡೌನ್‌ಲೋಡ್ ಮಾಡೋಕೆ ಮಾತ್ರ ಬಿಟ್ಟಿದಾರೆ. ಬೇರೆ ಸರ್ವೀಸ್‌ಗೆ ಹೋಗೋ ಮುಂಚೆ ಏನ್ ಗಮನಿಸ್ಬೇಕು?

ಬಿಟ್ಟಿರೋದೇ ಪುಣ್ಯ, ಇವತ್ತೇ ಇಳಿಸ್ಕೊಳ್ಳಿ. ಬರೀ ಇಮೇಲ್ ಅಲ್ಲ, ಯಾವ ತಾರೀಕು, ಯಾವ ಫಾರ್ಮ್‌ನಿಂದ ಸೇರಿದ್ರು ಅನ್ನೋದೂ ಬೇಕು, ಹೊಸ ಸರ್ವೀಸ್‌ನವರು ಅನುಮತಿಗೆ ಪುರಾವೆ ಕೇಳಿದ್ರೆ ತೋರಿಸೋಕೆ ಇನ್ನೇನೂ ಇರಲ್ಲ. ಎಲ್ಲರೂ ಮರೆಯೋದು ಇನ್ನೊಂದು ಫೈಲನ್ನ, ಅನ್‌ಸಬ್‌ಸ್ಕ್ರೈಬ್ ಆದೋರು, ಬೌನ್ಸ್ ಆದೋರು, ದೂರು ಕೊಟ್ಟೋರು. ಹೊಸ ಜಾಗದಲ್ಲಿ ಮೊದಲು ಅದನ್ನ ಹಾಕಿ, ಇವ್ರಿಗೆ ಕಳಿಸ್ಬೇಡ ಅಂತ ಗುರುತು ಮಾಡಿ, ಆಮೇಲೆ ಉಳಿದೋರನ್ನ ಹಾಕಿ. ಬಿಟ್ಟುಹೋದೋರಿಗೆ ಮತ್ತೆ ಮೇಲ್ ಹೋದ್ರೆ ಅಮೆರಿಕದ ಇಮೇಲ್ ಕಾನೂನು ಕ್ಯಾನ್‌ಸ್ಪ್ಯಾಮ್, ಯೂರೋಪಿನ ಖಾಸಗಿ ಮಾಹಿತಿ ಕಾನೂನು ಜಿಡಿಪಿಆರ್ ಎರಡರ ಪ್ರಕಾರವೂ ತಪ್ಪು, ಮತ್ತೆ ಹೊಸ ಅಕೌಂಟೂ ಮೊದಲ ಮೇಲಿಗೇ ಬಂದ್ ಆಗಬಹುದು. ಹಳೇ ಜಾಗದಲ್ಲಿ ದೂರು ಯಾವ ಫಾರ್ಮ್‌ನಿಂದ ಬಂದೋರು ಕೊಟ್ಟಿದ್ದು ಅಂತ ಇಳಿಸ್ಕೊಂಡ ಫೈಲಲ್ಲೇ ಸಿಗಬಹುದು, ಹುಡುಕಿ, ಆ ಫಾರ್ಮ್ ಮುಚ್ಚಿದ್ಮೇಲೆ ಹೊಸ ಅಕೌಂಟ್ ತೆಗೀರಿ.