ಬಿಲ್ಲೆ ಸಿಗದ ಮರಿಯೇ ಬಿಲ್ಲೆಗೆ ಬೆಲೆ ತರುತ್ತದೆ

(ಪುಣೆಯ ಭೋಸರಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರ: “ನಮ್ಮದು ಮೂಲತಃ ಇಂಡಿ ತಾಲ್ಲೂಕು. ಯಜಮಾನರು ಕಂಪನಿಯಿಂದ ರಿಟೈರ್ ಆದ ಮೇಲೆ ಶಿರೂರು ಕಡೆ ಸ್ವಲ್ಪ ಜಮೀನು ತಗೊಂಡು ಉಸ್ಮಾನಾಬಾದಿ ತಳಿಯ ಆಡು ಸಾಕುತ್ತಿದ್ದೇವೆ. ಅಕ್ಕಪಕ್ಕದ ಹತ್ತು ಮನೆಯವರು ಸೇರಿ ಬಚತ್ ಗಟ್ (ಉಳಿತಾಯ ಗುಂಪು) ಮಾಡಿಕೊಂಡಿದ್ದೇವೆ. ಮಗಳು ಅಮೆರಿಕದ ಮಿಸೌರಿಯಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಕಡಸುಗಳ ಹರಾಜು ನೋಡಿದೆ. ಎಲ್ಲದರ ಕಿವಿಗೂ ಒಂದೇ ಥರದ ಬಿಲ್ಲೆ. ಬಾಯಿ ತೆರೆದು ಹಲ್ಲು ನೋಡದೆ, ಮೈ ತಡವದೆ ಜನ ಕೂಗಿ ಕೊಳ್ಳುತ್ತಿದ್ದರು. ನಾವೂ ಹಾಗೆ ಬಿಲ್ಲೆ ಹಾಕಿ ಮಾರಬಹುದೇ? ಬಿಲ್ಲೆಗೆಲ್ಲ ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ ಎಂದು ಚಾಕಣ ಸಂತೆಯ ದಲ್ಲಾಳಿ ಹೇಳುತ್ತಾನೆ. ಗುಂಪನ್ನು ನೋಂದಣಿ ಮಾಡಿಸಬೇಕೇ? ದನದ ಕರುಗಳಿಗೂ ಇದು ಆಗುತ್ತದೆಯೇ? ನನ್ನ ಹೆಸರು ಹಾಕಬೇಡಿ.”)

ಅಕ್ಕಾವ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ನೀವು ಮಿಸೌರಿಯಲ್ಲಿ ನೋಡಿದ್ದು ಮಾಂಸದ ತಳಿಯ ದನ. ಮಹಾರಾಷ್ಟ್ರದ 1976ರ ಕಾಯ್ದೆಯಲ್ಲೇ ಆಕಳು ಕಡಿಯುವುದಕ್ಕೆ ನಿಷೇಧ ಇತ್ತು. 2015ರಿಂದ ಹೋರಿ, ಎತ್ತುಗಳೂ ಅದಕ್ಕೆ ಸೇರಿವೆ. ಹಾಗಾಗಿ ಆ ವ್ಯಾಪಾರ ಇಲ್ಲಿ ಇಲ್ಲ. ಖಿಲಾರಿ ತಳಿಯ ಕರುಗಳನ್ನು ಉಳುಮೆಗೋ ಗಾಡಿ ಓಟಕ್ಕೋ ಬೆಳೆಸಿ ಮಾರುವವರು ಇದ್ದಾರೆ. ಆದರೆ ಅಲ್ಲಿ ಒಂದೊಂದು ಹೋರಿಗೆ ಒಂದೊಂದು ಬೆಲೆ, ಅದರ ಅಪ್ಪನ ಹೆಸರಿನ ಮೇಲೆ, ಅದರ ಓಟದ ಮೇಲೆ. ಹತ್ತು ಮನೆ ಸೇರಿ ಮಾಡುವ ಕೆಲಸ ಅದಲ್ಲ. ನಿಮ್ಮ ಕೈಯಲ್ಲಿ ಆಡು ಇದೆ. ಆ ಹರಾಜಿನ ಹಿಂದಿರುವ ಪದ್ಧತಿ ಆಡಿಗೆ ಚೆನ್ನಾಗಿಯೇ ಹೊಂದುತ್ತದೆ.

ನೀವು ಬರೆದ ವಿವರ ನೋಡಿದರೆ ಅದು ‘ಷೋ ಮಿ ಸೆಲೆಕ್ಟ್’ ಹರಾಜು ಇರಬೇಕು. ಮಿಸೌರಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ, ಊರಿನ ಪಶುವೈದ್ಯರು, ದನ ಸಾಕುವವರು ಮೂವರೂ ಸೇರಿ 1990ರ ದಶಕದ ಕೊನೆಯಲ್ಲಿ ಶುರು ಮಾಡಿದ್ದು. ನೀವು ಕಂಡದ್ದು ಕೊನೆಯ ಅರ್ಧ ಗಂಟೆ ಮಾತ್ರ. ಅದರ ಹಿಂದೆ ಒಂದು ವರ್ಷಕ್ಕೂ ಮೀರಿದ ಕೆಲಸ ಇದೆ.

ಕಡಸನ್ನು ಹೋರಿಗೆ ಬಿಡುವ ಮುಂಚೆಯೇ ಪಶುವೈದ್ಯರು ಬರುತ್ತಾರೆ. ಗರ್ಭಕೋಶ ಬಲಿತಿದೆಯೋ ಇಲ್ಲವೋ ಪರೀಕ್ಷೆ ಮಾಡುತ್ತಾರೆ. ಕರು ಹೊರಬರುವ ದಾರಿ, ಅಂದರೆ ಸೊಂಟದ ಮೂಳೆಯ ಒಳಗಿನ ಜಾಗ, ಎಷ್ಟು ಅಗಲ ಇದೆ ಎಂದು ಅಳೆಯುತ್ತಾರೆ. ಇಕ್ಕಟ್ಟಾಗಿದ್ದರೆ ಆ ಕಡಸು ಅಲ್ಲಿಗೇ ಹೊರಗೆ. ಲಸಿಕೆಗಳ ಪಟ್ಟಿ ಇರುತ್ತದೆ, ಒಂದೂ ತಪ್ಪುವಂತಿಲ್ಲ. ಬೀಜದ ಹೋರಿಯೂ ಯಾವುದೋ ಒಂದು ಆಗುವುದಿಲ್ಲ. ಅದರ ಕರುಗಳು ಸಲೀಸಾಗಿ ಹುಟ್ಟುತ್ತವೆ ಎಂದು ತಳಿ ಸಂಘದ ಲೆಕ್ಕದ ಅಂಕಿ ಹೇಳಬೇಕು. ಗಬ್ಬ ನಿಂತ ಮೇಲೆ ಮತ್ತೆ ಪರೀಕ್ಷೆ. ಹರಾಜಿಗೆ ತಂದ ದಿನ, ಸಾಕಿದವರಿಗೆ ಸಂಬಂಧವೇ ಇಲ್ಲದ ಪರೀಕ್ಷಕರು ಒಂದೊಂದನ್ನೇ ನೋಡಿ, ಕುಂಟು, ಗಾಯ, ಕಣ್ಣಿನ ದೋಷ ಏನೇ ಕಂಡರೂ ವಾಪಸ್ ಕಳಿಸುತ್ತಾರೆ. ಇಷ್ಟೆಲ್ಲ ದಾಟಿ ಬಂದದ್ದಕ್ಕೆ ಮಾತ್ರ ಆ ಬಿಲ್ಲೆ. ಕೊಳ್ಳುವವನು ಹಲ್ಲು ನೋಡಲಿಲ್ಲ ಎಂದು ನೀವು ಆಶ್ಚರ್ಯಪಟ್ಟಿರಿ. ಅವನ ಪರವಾಗಿ ಅಷ್ಟು ಜನ ಆಗಲೇ ನೋಡಿ ಮುಗಿಸಿದ್ದರು, ಅಲ್ವಾ?

ಬರೀ ಒಂದು ತಾರೀಖಿಗೂ ದುಡ್ಡು ಬರುತ್ತದೆ ಎನ್ನುವುದಕ್ಕೆ ಇನ್ನೊಂದು ಕತೆ ಹೇಳುತ್ತೇನೆ. 2003ರ ಡಿಸೆಂಬರಿನಲ್ಲಿ ಅಮೆರಿಕದ ಒಂದು ಆಕಳಿಗೆ ಹುಚ್ಚು ದನದ ರೋಗ ಪತ್ತೆಯಾಯಿತು. ಜಪಾನ್ ಕೂಡಲೇ ಅಲ್ಲಿಯ ದನದ ಮಾಂಸ ನಿಲ್ಲಿಸಿತು. ಎರಡು ವರ್ಷದ ಮೇಲೆ ಬಾಗಿಲು ತೆರೆದಾಗ ಹಾಕಿದ ಷರತ್ತು: 20 ತಿಂಗಳೊಳಗಿನ ದನದ ಮಾಂಸ ಮಾತ್ರ. 2013ರಲ್ಲಿ ಅದನ್ನು ಸಡಿಲಿಸುವವರೆಗೂ, ಕರು ಯಾವ ದಿನ ಹುಟ್ಟಿತು ಎಂದು ಬರೆದಿಟ್ಟವರಿಗೆ ಅದೊಂದು ಮಾರುಕಟ್ಟೆ ತೆರೆದುಕೊಂಡಿತು. ಬರೆದಿಡದವನ ಕರು ಅಷ್ಟೇ ಎಳೆಯದಿದ್ದರೂ ಅದನ್ನು ತೋರಿಸಲು ಅವನ ಬಳಿ ಏನೂ ಇರಲಿಲ್ಲ. 1883ರಲ್ಲಿ ಶುರುವಾದ ಅಲ್ಲಿಯ ಆಂಗಸ್ ತಳಿ ಸಂಘ ಆ ಸಮಯದಲ್ಲಿ ಎಳೆ ಕರುಗಳಿಗೆ ಬಿಲ್ಲೆಯ ಯೋಜನೆ ನಡೆಸಿತು. ಯಾರ ಕೊಟ್ಟಿಗೆಯದು, ಯಾವಾಗ ಹುಟ್ಟಿದ್ದು, ಅರ್ಧಕ್ಕಿಂತ ಕಡಿಮೆ ಇಲ್ಲದಂತೆ ಆಂಗಸ್ ರಕ್ತ ಇದೆಯೇ, ಈ ಮೂರು ಸಂಗತಿಗೆ ಸಂಘದ ದಾಖಲೆ.

ನಿಮಗೆ ಇನ್ನೂ ಹತ್ತಿರದ ಸಂಗತಿ ಅಲ್ಲಿ ಹಾಲು ಬಿಡಿಸುವ ಪದ್ಧತಿ. ಏಳೆಂಟು ತಿಂಗಳ ಕರುವನ್ನು ತಾಯಿಯಿಂದ ಬಿಡಿಸಿ ಅವತ್ತೇ ಲಾರಿಗೆ ಹತ್ತಿಸಿದರೆ ಅದು ಕೊಬ್ಬಿಸುವ ಜಾಗ ಮುಟ್ಟಿದ ವಾರದಲ್ಲೇ ಕೆಮ್ಮಿ, ಜ್ವರ ಬಂದು ಮಲಗುತ್ತದೆ. ತಾಯಿ ಇಲ್ಲ, ಮೇವು ಹೊಸದು, ಜೊತೆಗಿರುವ ಕರುಗಳೂ ಹೊಸವು. ಆದ್ದರಿಂದ ತಿಳಿದವರು ಕರುವನ್ನು ಹಾಲು ಬಿಡಿಸಿ 45 ದಿನ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಎರಡು ಸಲ ಲಸಿಕೆ, ಜಂತಿನ ಔಷಧಿ, ಗೋದಲಿಯಲ್ಲಿ ತಿನ್ನುವ ಅಭ್ಯಾಸ ಎಲ್ಲ ಆದ ಮೇಲೆ ಮಾರುತ್ತಾರೆ. ಹತ್ತಿಪ್ಪತ್ತು ಕರು ಇರುವ ಚಿಕ್ಕ ರೈತರು ಒಂದೇ ಅಳತೆಯ, ಒಂದೇ ಲಸಿಕೆಯ ಕರುಗಳನ್ನು ಒಟ್ಟು ಮಾಡಿ ಒಂದು ದೊಡ್ಡ ಲಾರಿ, ಅಂದರೆ ಸುಮಾರು 22 ಟನ್, ತುಂಬಿಸುತ್ತಾರೆ. ಒಬ್ಬೊಬ್ಬರೇ ಹೋಗಿದ್ದರೆ ಆ ಬೆಲೆ ಸಿಗುತ್ತಿರಲಿಲ್ಲ. ನಿಮ್ಮ ಹತ್ತು ಮನೆಗಳಿಗೆ ಇದನ್ನು ಓದಿ ಹೇಳಿ.

ಈಗ ಶಿರೂರಿಗೆ ಬರೋಣ. ನೀವು ಮಾರಬೇಕಾದದ್ದು ಮೊದಲು ಹೆಣ್ಣು ಮರಿ ಎಂದು ನನ್ನ ಅಭಿಪ್ರಾಯ. ಕಟುಕರಿಗೆ ಹೋಗುವ ಗಂಡು ಮರಿಗೆ ದಲ್ಲಾಳಿ ಹೇಳಿದ್ದು ನಿಜ. ಅಲ್ಲಿ ತೂಕಕ್ಕೆ ದುಡ್ಡು, ಬಿಲ್ಲೆಗೆ ಇಲ್ಲ. ಆದರೆ ಪುಣೆಯ ಸುತ್ತ ಹೊಸದಾಗಿ ಆಡು ಸಾಕಲು ಹೊರಟವರನ್ನು ನೋಡಿ. ಶೆಡ್ ಕಟ್ಟಲು ಲಕ್ಷಗಟ್ಟಲೆ ಸುರಿದು, ಆಡುಗಳನ್ನು ಮಾತ್ರ ಸಂತೆಯಿಂದ ಒಟ್ಟಿಗೆ ಹೊಡೆದುಕೊಂಡು ಬರುತ್ತಾರೆ. ನಾಲ್ಕು ಊರಿನ ಆಡು ಒಂದೇ ಟೆಂಪೋದಲ್ಲಿ. ಅವುಗಳ ಜೊತೆ ಪಿಪಿಆರ್ ಎಂಬ ಆಡು ಕುರಿಗಳ ಅಂಟುರೋಗವೂ ಬರುತ್ತದೆ. ಮೂಗು ಸುರಿದು, ಬಾಯಿ ಹುಣ್ಣಾಗಿ, ಭೇದಿಯಾಗಿ ಶೆಡ್ ಖಾಲಿಯಾಗುತ್ತದೆ. ಇಂಥವರಿಗೆ ಲಸಿಕೆಯಾದ, ವಯಸ್ಸು ಗೊತ್ತಿರುವ, ಮೊದಲ ಗಬ್ಬ ನಿಂತ ಒಂದೇ ಅಳತೆಯ ಹೆಣ್ಣಾಡುಗಳ ಗುಂಪು ಸಿಕ್ಕರೆ ಬೆಲೆ ಕೊಡುತ್ತಾರೆ. ಕೊಡಲೇಬೇಕು. ಅವರಿಗೆ ಅದರಲ್ಲಿ ಉಳಿಯುವುದೇ ಜಾಸ್ತಿ.

ಮಾಂಸದ ಕಡಸನ್ನು ಅದರ ಪೂರ್ಣ ತೂಕದ ನೂರಕ್ಕೆ 60–65 ಭಾಗ ಬರುವವರೆಗೆ ಹೋರಿಗೆ ಬಿಡುವುದಿಲ್ಲ. ಆಡಿಗೂ ಅದೇ ಲೆಕ್ಕ ಸರಿಹೋಗುತ್ತದೆ. ಉಸ್ಮಾನಾಬಾದಿ ಹೆಣ್ಣಾಡು ಬೆಳೆದು ನಿಂತರೆ 30 ಕೆಜಿ ಆಸುಪಾಸು. ಹಾಗಾದರೆ 20 ಕೆಜಿ ಮುಟ್ಟದ ಮರಿಯ ಹತ್ತಿರ ಹೋತ ಸುಳಿಯಬಾರದು. ನಮ್ಮಲ್ಲಿ ಎಲ್ಲವನ್ನೂ ಒಂದೇ ಹಟ್ಟಿಯಲ್ಲಿ ಬಿಡುವುದರಿಂದ ಆರೇಳು ತಿಂಗಳಿಗೇ ಗಬ್ಬವಾಗಿ, ತಾಯಿಯೂ ಬೆಳೆಯದೆ ಮರಿಯೂ ಉಳಿಯದೆ ಹೋಗುವುದು ಸಾಮಾನ್ಯ. ಮೂರು ತಿಂಗಳಿಗೆ ಗಂಡು ಹೆಣ್ಣು ಬೇರೆ ಮಾಡಿ. ಇದಕ್ಕೆ ಒಂದು ಬೇಲಿ ಸಾಕು, ಬೇರೆ ಖರ್ಚಿಲ್ಲ. ಮೂರ್ನಾಲ್ಕು ತಿಂಗಳಿಗೆ ಪಿಪಿಆರ್ ಲಸಿಕೆ, ಮಳೆಗಾಲಕ್ಕೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸಿ. ಕರುಳುಬೇನೆಯದು ಮೊದಲ ಸಲವಾದರೆ ಎರಡು ಮೂರು ವಾರಕ್ಕೆ ಇನ್ನೊಂದು ಡೋಸ್ ಬೇಕು. ತುಂಬ ಜನ ಬಿಡುವುದು ಇದನ್ನೇ. ಸ್ಕ್ಯಾನ್ ಯಂತ್ರ ಇರುವ ಪಶುವೈದ್ಯರು ಸಿಕ್ಕರೆ ಒಂದೂವರೆ ತಿಂಗಳಿಗೇ ಗಬ್ಬ ಖಚಿತವಾಗುತ್ತದೆ.

ಹೋತದ ವಿಷಯದಲ್ಲಿ ನಿಮ್ಮ ಪತ್ರ ಓದಿ ಚಿಂತೆಯಾಯಿತು. ಹತ್ತು ಮನೆಗೂ ಒಂದೇ ಹೋತ, ಅದೂ ನಿಮ್ಮಲ್ಲೇ ಹುಟ್ಟಿದ್ದು ಎಂದು ಬರೆದಿದ್ದೀರಿ. ಅದರ ಮಗಳಿಗೆ ಅದನ್ನೇ ಬಿಟ್ಟರೆ ಮರಿಗಳ ತೂಕ ಇಳಿಯುತ್ತದೆ, ಸಾಯುವುದು ಹೆಚ್ಚುತ್ತದೆ. ಎರಡು ವರ್ಷಕ್ಕೊಮ್ಮೆ ಹೋತ ಬದಲಿಸಿ. ಹೊಸದನ್ನು ಮೈಕಟ್ಟು ನೋಡಿ ಮಾತ್ರ ತರಬೇಡಿ, ಅದರ ತಾಯಿ ಎಷ್ಟು ಸಲ ಅವಳಿ ಹಾಕಿದೆ, ಎಷ್ಟು ಮರಿ ಬದುಕಿಸಿದೆ ಎಂದು ಕೇಳಿ. ಉಸ್ಮಾನಾಬಾದಿಯ ದೊಡ್ಡ ಗುಣವೇ ಅವಳಿ. ಫಲಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆ ನಿಮಗೆ ದೂರವೇನಲ್ಲ. ಕುರಿಯಲ್ಲಿ ಅವಳಿ ಹುಟ್ಟುವ ಗುಣವನ್ನು ಬಂಗಾಳದ ಗರೋಲ್ ತಳಿಯಿಂದ ದಖ್ಖನಿ ಕುರಿಗೆ ತಂದು ‘ನಾರಿ ಸುವರ್ಣ’ ತಳಿ ಮಾಡಿದವರು ಅವರೇ. ಉಸ್ಮಾನಾಬಾದಿ ಆಡಿನ ಮೇಲೂ ಕೆಲಸ ಮಾಡಿದ್ದಾರೆ. ಪುಣೆಯಲ್ಲೇ ಅಹಿಲ್ಯಾದೇವಿ ಕುರಿ ಮತ್ತು ಮೇಕೆ ಅಭಿವೃದ್ಧಿ ನಿಗಮವೂ ಇದೆ. ಎರಡೂ ಕಡೆ ಒಮ್ಮೆ ಹೋಗಿ ಕೇಳಿ. ಒಂದು ಮಾತು: ನಿಮ್ಮ ಪುಣೆ, ನಾಶಿಕ, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಗಳ ಸ್ವಂತ ಆಡಿನ ತಳಿ ಸಂಗಮನೇರಿ. ಸುತ್ತಲಿನ ಹಿಂಡುಗಳಲ್ಲಿ ಅದರ ರಕ್ತ ಬೆರೆತಿರುವುದು ಸಹಜ. ಬೆರೆತ ಮರಿ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಉಸ್ಮಾನಾಬಾದಿ ಎಂದು ಬಿಲ್ಲೆ ಹಾಕಬೇಡಿ.

ಇಲ್ಲಿಗೆ ನನ್ನ ಮುಖ್ಯ ಮಾತು ಬಂತು. ಲಸಿಕೆ, ತೂಕ, ದಾಖಲೆ ಎಲ್ಲ ಕಲಿಯಬಹುದು. ನಿಮ್ಮ ಗುಂಪಿಗೆ ಕಷ್ಟವಾಗುವುದು ‘ಈ ಮರಿ ಬೇಡ’ ಎಂದು ಬಾಯಿಬಿಟ್ಟು ಹೇಳುವುದು. ಪಕ್ಕದ ಮನೆಯವರು ಆರು ಮರಿ ತಂದಿದ್ದಾರೆ, ಅದರಲ್ಲಿ ಎರಡು ತೂಕಕ್ಕೆ ಬಂದಿಲ್ಲ. ದಿನಾ ಮುಖ ನೋಡುವವರು, ಮದುವೆ ಮುಂಜಿಗೆ ಕೂಡುವವರು. ‘ಇರಲಿ ಬಿಡ್ರಿ, ಹಾಕಿಬಿಡೋಣ’ ಎಂದು ಯಾರೋ ಹೇಳುತ್ತಾರೆ. ಆ ಎರಡು ಮರಿ ಮಾರಾಟವಾಗಿ ಕೊಂಡವನ ಶೆಡ್‌ನಲ್ಲಿ ಸತ್ತರೆ ಅವನು ಪಕ್ಕದ ಮನೆಯವರನ್ನು ಬೈಯುವುದಿಲ್ಲ, ಬಿಲ್ಲೆಯನ್ನು ಬೈಯುತ್ತಾನೆ. ಆಗ ಹತ್ತೂ ಮನೆಯ ಬೆಲೆ ಹೋಯಿತು. ಮಿಸೌರಿಯಲ್ಲಿ ಹೊರಗಿನ ಪರೀಕ್ಷಕರನ್ನು ಕರೆಸುವುದು ಇದಕ್ಕೇ. ನೀವೂ ನಿವೃತ್ತ ಪಶುವೈದ್ಯರೊಬ್ಬರನ್ನು ಒಪ್ಪಿಸಿ. ಅವರ ಗೌರವಧನ ಗುಂಪೇ ಕೊಡಲಿ. ಅವರು ಬೇಡ ಎಂದದ್ದು ಬೇಡ, ಚರ್ಚೆ ಇಲ್ಲ. ಬೇಡವಾದ ಮರಿ ಮಾಲೀಕರದ್ದೇ. ಅವರು ಬಿಲ್ಲೆ ಇಲ್ಲದೆ ಸಂತೆಯಲ್ಲಿ ಮಾರಲಿ. ಬಿಲ್ಲೆಯ ಮರಿಗಳಿಂದ ಬಂದ ಹೆಚ್ಚಿನ ದುಡ್ಡಲ್ಲಿ ಸ್ವಲ್ಪ ಭಾಗ ಗುಂಪಿನ ಖಾತೆಯಲ್ಲಿಟ್ಟು, ಮರಿ ತಪ್ಪಿದವರ ಮುಂದಿನ ಸಲದ ಮೇವಿಗೆ, ಲಸಿಕೆಗೆ ಕೊಟ್ಟರೆ ಮನಸ್ಸೂ ಮುರಿಯುವುದಿಲ್ಲ. ಮೊದಲ ಮರಿ ತೂಗುವ ಮುಂಚೆಯೇ ಈ ನಿಯಮ ಬರೆದು ಹತ್ತು ಜನರ ಸಹಿ ಹಾಕಿಸಿ. ಯಾರ ಮರಿ ಎಂದು ಗೊತ್ತಾದ ಮೇಲೆ ನಿಯಮ ಮಾಡಲು ಹೋದರೆ ಜಗಳವೇ.

ಸರ್ಕಾರ ಹಾಕುವ 12 ಅಂಕಿಯ ಕಿವಿ ಬಿಲ್ಲೆ ಬೇರೆ. ಅದು ಪ್ರಾಣಿಯ ಗುರುತು. ಅದೇ ನಂಬರನ್ನು ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ಹುಟ್ಟಿದ ದಿನ, ತಾಯಿ, ಒಂಟಿಯೋ ಅವಳಿಯೋ, ಲಸಿಕೆಯ ತಾರೀಖು, ಮೂರು ತಿಂಗಳ ತೂಕ, ಮಾರುವಾಗಿನ ತೂಕ, ಇಷ್ಟು ಸಾಕು. ಒಂದು ಒಳ್ಳೆಯ ತೂಕದ ಕಾಟಾ ಗುಂಪಿನಿಂದ ಕೊಳ್ಳಿ. ಸಂತೆಯಲ್ಲಿ ಕಣ್ಣಂದಾಜಿಗೆ, ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಮಾಡುವವರ ಮುಂದೆ ನಿಮ್ಮ ಕೈಯಲ್ಲಿ ತೂಕ ಇದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಗಂಡು ಮರಿಗಳನ್ನು ಬಕ್ರೀದಿಗೆ ಬೆಳೆಸುವ ಆಸೆ ಇದ್ದರೆ ಲೆಕ್ಕ ಮುಂಚಿತವಾಗಿ ಬೇಕು. ವರ್ಷ ತುಂಬಿದ ಹೋತ ಬೇಕು, ಎರಡು ಹಲ್ಲು ಮೂಡಿರಬೇಕು ಎಂದು ಕೊಳ್ಳುವವರು ನೋಡುತ್ತಾರೆ. ಆ ಹಲ್ಲು ಬರುವುದು ಹದಿಮೂರು ತಿಂಗಳ ಮೇಲೆ. ಗಬ್ಬದ ಐದು ತಿಂಗಳು ಸೇರಿಸಿದರೆ, ಹಬ್ಬಕ್ಕೆ ಒಂದೂವರೆ ವರ್ಷಕ್ಕೂ ಮುಂಚೆ ಹೋತ ಬಿಟ್ಟಿರಬೇಕು. ಹಬ್ಬವೂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. 2025ರಲ್ಲಿ ಜೂನ್ 7ಕ್ಕೆ ಬಂದಿತ್ತು. ಹೋದ ವರ್ಷದ ತಾರೀಖು ಹಿಡಿದು ಕೂರಬೇಡಿ. ಇನ್ನೊಂದು ಎಚ್ಚರಿಕೆ: ಕಿವಿ ಹರಿದ, ಕೊಂಬು ಮುರಿದ, ಕುಂಟುವ ಪ್ರಾಣಿಯನ್ನು ಕುರ್ಬಾನಿಗೆ ಒಪ್ಪುವುದಿಲ್ಲ. ಬಿಲ್ಲೆ ಬೇಲಿಗೆ ಸಿಕ್ಕಿ ಕಿವಿ ಹರಿದರೆ ವರ್ಷದ ಶ್ರಮ ನೀರಲ್ಲಿ. ಹಬ್ಬದ ಹೋತಗಳಿಗೆ ನಿಮ್ಮ ಗುಂಪಿನ ಗುರುತನ್ನು ಕೊರಳಿಗೆ ಕಟ್ಟಿ. ಮುಂಬಯಿಯ ದೇವನಾರ್ ಸಂತೆಗೆ ಒಯ್ಯುವುದಾದರೆ ಹತ್ತು ಮನೆಯದೂ ಒಂದೇ ಗಾಡಿಯಲ್ಲಿ ಹೋಗಲಿ. ಗುಂಪಿನಿಂದ ಇಬ್ಬರು ಜೊತೆಗೆ ಇರಲಿ.

ದಲ್ಲಾಳಿಯ ಮಾತಿಗೆ ಉತ್ತರ ಅರ್ಧ ಹೇಳಿದ್ದೇನೆ. ಉಳಿದರ್ಧ: ಮೊದಲ ವರ್ಷ ನಿಮಗೆ ಸಂತೆಯ ಬೆಲೆಯೇ ಸಿಗಬಹುದು. ಜಾಸ್ತಿ ಬೆಲೆ ಬರುವುದು ಮೊದಲು ಕೊಂಡವನು ಎರಡನೇ ಸಲ ಫೋನ್ ಮಾಡಿದಾಗ. ಆದ್ದರಿಂದ ಕೊಂಡವರ ನಂಬರ್ ಬರೆದಿಡಿ. ತಿಂಗಳಿಗೊಮ್ಮೆ ಆಡು ಹೇಗಿದೆ ಎಂದು ಕೇಳಿ. ಮಾರಿದ 30 ದಿನದೊಳಗೆ ಗಬ್ಬ ಇಲ್ಲ ಎಂದು ಗೊತ್ತಾದರೆ ಬದಲಿ ಕೊಡುತ್ತೇವೆ ಎಂದು ಚೀಟಿಯಲ್ಲೇ ಬರೆದುಕೊಡಿ. ಎಲ್ಲ ಮರಿಗಳನ್ನೂ ಒಮ್ಮೆಗೇ ಇದಕ್ಕೆ ಹಾಕಬೇಡಿ. ಈ ಸಲ ಪ್ರತಿ ಮನೆಯಿಂದ ಎರಡೇ ಹೆಣ್ಣು ಮರಿ ಆರಿಸಿ. ಪ್ರತಿಯೊಂದರ ಮೇವು, ಔಷಧಿಯ ಖರ್ಚನ್ನು ಬೇರೆ ಬರೆಯಿರಿ. ಆ ಖರ್ಚು ಕಳೆದ ಮೇಲೆ ಸಂತೆಯ ಬೆಲೆಗಿಂತ ಹೆಚ್ಚು ಉಳಿಯದಿದ್ದರೆ ಮುಂದಿನ ವರ್ಷ ಹೆಚ್ಚಿಸಬೇಡಿ.

ನೋಂದಣಿಗೆ ಅವಸರ ಬೇಡ. ಹೆಸರಲ್ಲಿ ಸಂಘ, ಕಂಪನಿ ಎಂದೆಲ್ಲ ಮಾಡಿಕೊಂಡು ಲೆಕ್ಕಪತ್ರದ ಕಟ್ಟು ಹೊರುವುದಕ್ಕಿಂತ ಈಗಿರುವ ಬಚತ್ ಗಟ್, ಅದರ ಬ್ಯಾಂಕ್ ಖಾತೆ, ಒಂದು ದಪ್ಪ ರಟ್ಟಿನ ಪುಸ್ತಕ ಎರಡು ವರ್ಷಕ್ಕೆ ಧಾರಾಳ ಆಯಿತು. ನಿಮ್ಮ ನಿಯಮಗಳನ್ನು ಕನ್ನಡದಲ್ಲಿ ಬರೆದು ಕಳಿಸಿದರೆ ಓದಿ ನೋಡಿ ವಾಪಸ್ ಕಳಿಸುತ್ತೇನೆ. ಹತ್ತು ಮನೆಯಲ್ಲಿ ಮರಾಠಿಯವರೂ ಇದ್ದಾರೆ ಎಂದಿದ್ದೀರಿ, ಅವರ ಪ್ರತಿ ಮರಾಠಿಯಲ್ಲೇ ಇರಲಿ.

— ಸಂಪಾದಕ