ಹನ್ನೊಂದು ಪದಾರ್ಥಗಳ ಪಟ್ಟಿ ಬಿಡಿ, ಬುಧವಾರ ರಾತ್ರಿಯಿಂದ ಶುರುಮಾಡಿ

ನಮಸ್ಕಾರ. ಅಮೆರಿಕದ ಕೃತಜ್ಞತೆಯ ಹಬ್ಬದ ಊಟದ ಬಗ್ಗೆ ನೀವು ಕಳಿಸಿದ 'ನಮ್ಮ ಪುಟ್ಟ ಥ್ಯಾಂಕ್ಸ್‌ಗಿವಿಂಗ್' ಪ್ರಬಂಧವನ್ನು ನಿಧಾನವಾಗಿ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡುವ ಮನಸ್ಸೂ ಇಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನ್ಯೂಜೆರ್ಸಿಯ ಮನೆ. ನೀವಿಬ್ಬರು, ಮಗಳು, ಮೈಸೂರಿನಿಂದ ಬಂದಿರುವ ಮಾವ, ಮಾಂಸ ಮುಟ್ಟದ ಅತ್ತೆ. ಐವರಿಗೆ ಆತುರವಿಲ್ಲದ ಒಂದು ಊಟ. ವಸ್ತು ಚೆನ್ನಾಗಿದೆ. ಆದರೆ ಮೊದಲ ಒಂದೂವರೆ ಪುಟ ಇಂಗ್ಲೆಂಡಿನಿಂದ ಬಂದ ವಲಸೆಗಾರರ ಹಡಗಿಗೆ, 1621ರ ಪ್ಲಿಮತ್ ಸುಗ್ಗಿಯೂಟಕ್ಕೆ ಹೋಗಿದೆ. ಅದನ್ನು ತೆಗೆದುಬಿಡಿ. 'ಅಂದಿನಿಂದ ಪ್ರತಿವರ್ಷ ತಪ್ಪದೆ ನಡೆದುಬಂದಿದೆ' ಎಂಬ ಮಾತು ಸರಿಯೂ ಅಲ್ಲ. ದೇಶಕ್ಕೆಲ್ಲ ಒಂದೇ ದಿನದ ವಾರ್ಷಿಕ ರೂಢಿ ಬಿದ್ದದ್ದು 1863ರಲ್ಲಿ ಅಧ್ಯಕ್ಷ ಲಿಂಕನ್ ಹೊರಡಿಸಿದ ಘೋಷಣೆಯಿಂದ. ನವೆಂಬರಿನ ನಾಲ್ಕನೇ ಗುರುವಾರ ಎಂದು ಕಾನೂನಾದದ್ದು 1941ರಲ್ಲಿ. 1621ರ ಆ ಊಟದಲ್ಲಿದ್ದ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರನ್ನು 'ರೆಡ್ ಇಂಡಿಯನ್ನರು' ಎಂದಿದ್ದೀರಿ. ಅವರ ಹೆಸರು ಹಿಡಿದೇ ಬರೆಯಬೇಕು. 1970ರಿಂದ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಇದೇ ದಿನವನ್ನು ಶೋಕದಿನವಾಗಿ ಆಚರಿಸುತ್ತಾರೆ. ಇಷ್ಟು ದೊಡ್ಡ ಸಂಗತಿ ಅಡುಗೆಗೆ ಪೀಠಿಕೆಯಾಗಿ ನಿಲ್ಲಲಾರದು. ಬರೆಯುವುದಾದರೆ ಬೇರೆಯೇ ಬರೆಯಿರಿ.

ಇನ್ನು ಅಡುಗೆ. 'ನಿರಾಳ' ಎಂಬ ಮಾತು ಪುಟಪುಟಕ್ಕೂ ಬರುತ್ತದೆ, ನಿರಾಳವಾಗಿ ನಡೆದ ಒಂದು ಕೆಲಸವೂ ಕಣ್ಣಿಗೆ ಬೀಳುವುದಿಲ್ಲ. ಇರುವುದು ಹನ್ನೊಂದು ಪದಾರ್ಥಗಳ ಪಟ್ಟಿ. ನಿಮ್ಮ ಮನೆಯಲ್ಲಿ ಓವನ್ ಒಂದೇ. ಯಾವುದು ಯಾವಾಗ ಒಳಗೆ ಹೋಯಿತು, ಯಾವುದು ಕಾಯಿತು? 'ಇಡೀ ಟರ್ಕಿ ಕೋಳಿಯ ಬದಲು ಐದು ಪೌಂಡಿನ ಎದೆಭಾಗ ತಂದೆವು' ಎಂದು ಒಂದೇ ಸಾಲು ಹೇಳಿ ಮುಂದೆ ಓಡಿದ್ದೀರಿ. ಊಟ ಪುಟ್ಟದಾದದ್ದೇ ಆ ಅಂಗಡಿಯಲ್ಲಿ. ಅಲ್ಲಿ ನಿಲ್ಲಿ. ಮಾವ ಏನಂದರು? ಇಡೀ ಹಕ್ಕಿ ಬೇಕೆಂದು ಮಗಳು ಹಟ ಹಿಡಿದಳೇ?

ಗುರುವಾರ ಬೆಳಿಗ್ಗೆ ಫ್ರೀಜರಿನಿಂದ ತೆಗೆದು ಹತ್ತಕ್ಕೆ ಓವನ್ನಿಗಿಟ್ಟೆ ಅಂದಿದ್ದೀರಿ. ಅಡುಗೆ ಬಲ್ಲವರು ಇಲ್ಲೇ ಓದು ನಿಲ್ಲಿಸುತ್ತಾರೆ. ನಾಲ್ಕೈದು ಪೌಂಡ್ ಮಾಂಸ ಫ್ರಿಜ್ಜಿನೊಳಗೆ ಕರಗಲು ಪೂರ್ತಿ ಒಂದು ದಿನ ಬೇಕು. ಅರ್ಧಗಂಟೆಗೊಮ್ಮೆ ನೀರು ಬದಲಿಸುತ್ತ ತಣ್ಣೀರಿನಲ್ಲಿ ಮುಳುಗಿಸಿಟ್ಟರೂ ಐದು ಪೌಂಡಿಗೆ ಎರಡೂವರೆ ಗಂಟೆ. ನಿಜವಾಗಿ ಮಾಡಿದ್ದೇನೆಂದು ನೆನಪಿಸಿಕೊಂಡು ಬರೆಯಿರಿ. 'ಕೆಂಪಗಾಗುವವರೆಗೆ' ಎಂಬುದೂ ಸಾಲದು. ಬಣ್ಣ ಮೋಸ ಮಾಡುತ್ತದೆ. ಮೂಳೆಗೆ ತಾಗದಂತೆ ದಪ್ಪಭಾಗಕ್ಕೆ ಥರ್ಮಾಮೀಟರ್ ಚುಚ್ಚಿದಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ತೋರಬೇಕು. ಆಮೇಲೆ ಮಾಂಸವನ್ನು ಹೊರಗೆ ಹಾಗೇ ಬಿಡುವ ಇಪ್ಪತ್ತು ನಿಮಿಷ ಇದೆಯಲ್ಲ, ಆಗ ಓವನ್ ಖಾಲಿ. ಬ್ರೆಡ್ಡಿನ ಚೂರುಗಳಿಂದ ಮಾಡುವ ಸ್ಟಫಿಂಗ್ ಆಗ ಹೋಗಿರಬೇಕು. ಇಂಥ ವಿವರ ಬಂದರೆ ನಿರಾಳವೆಂಬ ಮಾತೇ ಬೇಕಾಗುವುದಿಲ್ಲ.

'ಅತ್ತೆ ಎಲ್ಲವನ್ನೂ ಸವಿದರು' ಎಂಬಲ್ಲಿ ನನಗೆ ದಿಗಿಲಾಯಿತು. ಪೊಟ್ಟಣದ ಸ್ಟಫಿಂಗ್‌ನಲ್ಲಿ ಎಷ್ಟೋ ಸಲ ಕೋಳಿಯ ಸಾರ ಸೇರಿರುತ್ತದೆ. ಗೆಣಸಿನ ಮೇಲೆ ಹಚ್ಚಿದ ಮೆತ್ತನೆ ಸಿಹಿ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಪೊಟ್ಟಣ ತಿರುಗಿಸಿ ಓದಿದಿರಾ? ಅವರಿಗೆ ಬೇರೆ ಗ್ರೇವಿ ಮಾಡಿದಿರಾ? ಹಿರಿಯರನ್ನು ಊರಿಂದ ಕರೆಸಿಕೊಂಡ ಎಷ್ಟೋ ಮನೆಗಳು ಇದೇ ಪೇಚಿನಲ್ಲಿವೆ, ಅವರಿಗೆ ನಿಮ್ಮ ಉತ್ತರ ಬೇಕು.

ಮೂರನೇ ಪುಟದಲ್ಲಿ ಒಂದು ಸಾಲು ಹೂತುಹೋಗಿದೆ. ಕ್ರ್ಯಾನ್‌ಬೆರಿ ಎಂಬ ಹುಳಿ ಕೆಂಪು ಹಣ್ಣಿನ ಸಾಸ್ ನಾಲಿಗೆಗಿಟ್ಟು ಅತ್ತೆ, 'ಇದು ಗೊಜ್ಜೇ ಕಣೇ, ಒಗ್ಗರಣೆ ಒಂದಿಲ್ಲ' ಅಂದದ್ದು. ನಿಮ್ಮ ಪ್ರಬಂಧ ಅಲ್ಲಿದೆ. ಬುಧವಾರ ರಾತ್ರಿಯಿಂದ ಶುರುಮಾಡಿ: ಹನ್ನೆರಡು ಔನ್ಸ್ ಹಣ್ಣು, ಒಂದು ಕಪ್ ನೀರು, ಒಂದು ಕಪ್ ಸಕ್ಕರೆ, ಹತ್ತು ನಿಮಿಷದಲ್ಲಿ ಹಣ್ಣು ಪಟಪಟ ಒಡೆಯುವ ಸದ್ದು, ಪಕ್ಕದಲ್ಲಿ ಅತ್ತೆ. ಹಣ್ಣಿನಲ್ಲಿ ಪೆಕ್ಟಿನ್ ಎಂಬ ಅಂಟುಪದಾರ್ಥ ಇರುವುದರಿಂದ ಆರುತ್ತ ತಾನೇ ಗಟ್ಟಿಯಾಗುತ್ತದೆ. ಅಷ್ಟು ಹೊತ್ತು ಇಬ್ಬರೂ ಏನು ಮಾತಾಡಿದಿರಿ? ಆಮೇಲೆ ಒಗ್ಗರಣೆ ಹಾಕಿದರೇ? ಹಾಕಿದ್ದರೆ ಸಾಸಿವೆಯೋ, ಇಂಗೂ ಬಿತ್ತೋ, ಮಾವ ಟರ್ಕಿಯ ಜೊತೆ ಹಚ್ಚಿಕೊಂಡು ತಿಂದರೋ, ಎಲ್ಲವೂ ಬೇಕು.

ಕೃತಜ್ಞತೆಯ ಮಹತ್ವ ಹೇಳುವ ಕೊನೆಯ ಪ್ಯಾರಾ ಬೇಡ. ಹನ್ನೊಂದರಲ್ಲಿ ನಾಲ್ಕೇ ಪದಾರ್ಥ ಉಳಿಸಿ, ಎಂಟುನೂರು ಪದ ಮೀರದಂತೆ ಬರೆಯಿರಿ. ಸೆಪ್ಟೆಂಬರ್ ಕೊನೆಯೊಳಗೆ ಕೈಸೇರಿದರೆ ನವೆಂಬರ್ ಸಂಚಿಕೆಗೆ ತೆಗೆದುಕೊಳ್ಳುವ ಆಸೆ ನನಗಿದೆ.